ತುಳಸಿಕಟ್ಟೆಗೆ ಇಳಿದ ತಂತಿ

ಹೋದ ತಿಂಗಳು ಅಂಕೋಲೆಯಲ್ಲಿ ಬಸ್ಸಿಗೆ ಕಾಯುತ್ತ ಒಂದು ಮೋಟಾರು ರಿಪೇರಿ ಅಂಗಡಿಯ ಪಕ್ಕ ನಿಂತಿದ್ದೆ. ಒಳಗೆ ಬ್ಯಾಟರಿಗಳನ್ನು ಸಾಲಾಗಿ ಇಟ್ಟು ಚಾರ್ಜು ಮಾಡುತ್ತಿದ್ದರು. ಆಸಿಡ್ಡಿನ ವಾಸನೆ ಮೂಗಿಗೆ ಬಡಿಯಿತು. ಹುಳಿಯೂ ಅಲ್ಲ, ಸುಟ್ಟದ್ದೂ ಅಲ್ಲ. ಗಂಟಲ ಹಿಂಭಾಗವನ್ನು ಯಾರೋ ಉಗುರಿನಿಂದ ಕೆರೆದ ಹಾಗೆ. ಜೊತೆಗಿದ್ದ ಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ಆ ವಾಸನೆಯ ಜೊತೆ ಒಂದು ಇಡೀ ಚಳಿಗಾಲ ಸಂಸಾರ ಮಾಡಿದವಳು ನಾನು. ವರ್ಷಗಳು ಎಷ್ಟೋ ಕಳೆದಿವೆ, ಸಿಟ್ಟು ಮಾತ್ರ ಉಪ್ಪಿನಕಾಯಿಯ ಹಾಗೆ ಕೆಡದೆ ಉಳಿದಿದೆ ಎಂಬುದು ಆಗ ಗೊತ್ತಾಯಿತು.

ಆಗ ನಾವು ಇದ್ದದ್ದು ಕಾರವಾರದ ಕೋಡಿಬಾಗದಲ್ಲಿ, ಮಾವ ಕಟ್ಟಿಸಿದ ಹಂಚಿನ ಮನೆಯಲ್ಲಿ. ಮಾವ ತೀರಿಹೋಗಿದ್ದರು. ಮನೆಯಲ್ಲಿ ಅತ್ತೆ, ನಾನು, ನನ್ನ ಯಜಮಾನರು, ಮೈದುನ ವಿಠೋಬ, ಅವನ ಹೆಂಡತಿ ನಾಗವೇಣಿ. ನನ್ನ ಯಜಮಾನರಿಗೆ ಬಂದರಿನಲ್ಲಿ ಕೆಲಸ, ಮನೆಯ ಯಾವ ವಿಷಯಕ್ಕೂ ಅವರದು ಒಂದೇ ಉತ್ತರ: "ಅವ್ವನಿಗೆ ಗೊತ್ತು." ವಿಠೋಬ ಒಂದು ಕಚೇರಿಯಲ್ಲಿ ಕಾರಕೂನ. ನಾಗವೇಣಿ ಅವರ್ಸೆಯ ಹುಡುಗಿ, ಗದ್ದೆ ಕೆಲಸ ಮಾಡಿ ಬೆಳೆದ ಮನೆಯವಳು. ಅವಳ ಅಪ್ಪ ಬೊಮ್ಮಯ್ಯನವರು ಉಪ್ಪಿನ ಸತ್ಯಾಗ್ರಹದ ಗಲಾಟೆಯಲ್ಲಿ ಲಾಠಿ ತಿಂದು ಜೈಲಿಗೂ ಹೋಗಿ ಬಂದವರು. ನಾನು ಹೇಳುವ ಕಾಲಕ್ಕೆ ಆ ಗಲಾಟೆಗಳೆಲ್ಲ ಮುಗಿದು ಕೆಲವು ವರ್ಷ ಕಳೆದಿತ್ತು. ನಾಗವೇಣಿ ನಮ್ಮ ಮನೆಗೆ ಬಂದು ಮೂರು ವರ್ಷವಾಗಿತ್ತು, ಇನ್ನೂ ಮಕ್ಕಳಾಗಿರಲಿಲ್ಲ. ಅತ್ತೆಯ ಕಣ್ಣಲ್ಲಿ ಅವಳದು ಅದೊಂದು ತಪ್ಪು ಆಗಲೇ ಇತ್ತು.

ಮಳೆಗಾಲದಲ್ಲಿ ಮುಂಬಯಿ ಸ್ಟೀಮರು ಕಾರವಾರಕ್ಕೆ ಬರುವುದಿಲ್ಲ. ಚೌತಿ ಮುಗಿದು ಸಮುದ್ರ ತಣ್ಣಗಾದ ಮೇಲೆ ಆ ವರ್ಷದ ಮೊದಲನೆಯ ಸ್ಟೀಮರು ಬಂತು. ಊರಿನವರಿಗೆಲ್ಲ ಅದರಲ್ಲಿ ಏನಾದರೂ ಬಂದಿರುತ್ತಿತ್ತು. ಬಟ್ಟೆ, ಔಷಧಿ, ಮುಂಬಯಿಯಲ್ಲಿದ್ದ ಮಗ. ನಮ್ಮ ಮನೆಗೆ ಬಂದದ್ದು ಹುಲ್ಲು ತುಂಬಿದ ಒಂದು ಮರದ ಪೆಟ್ಟಿಗೆ. ವಿಠೋಬ ಅದನ್ನು ಹಸುಗೂಸನ್ನು ಎತ್ತಿದ ಹಾಗೆ ಎತ್ತಿಕೊಂಡು ಬಂದ. ಒಳಗೆ ಗಾಜಿನ ವಾಲ್ವುಗಳು, ತಾಮ್ರದ ತಂತಿಯ ಸುರುಳಿ, ಕಿವಿಗೆ ಕಟ್ಟಿಕೊಳ್ಳುವ ಎರಡು ಕಪ್ಪು ಬಟ್ಟಲು. ಒಂದು ವಾರ ಜಗುಲಿಯ ಕೋಣೆಯಿಂದ ತಂತಿ ಬೆಸೆಯುವ ಅರಗು ಸುಟ್ಟ ಹೊಗೆ ಬಂತು. ಆಮೇಲೆ ಆ ವಾಸನೆಗೆ ಬ್ಯಾಟರಿಯ ಆಸಿಡ್ಡಿನ ವಾಸನೆ ಸೇರಿತು. ಕೋಣೆಯ ನೆಲದ ಗಾರೆ ಆಸಿಡ್ಡು ಚೆಲ್ಲಿದಲ್ಲೆಲ್ಲ ಹುಣ್ಣಾದ ಹಾಗೆ ಎದ್ದು ಬಂತು. ಅದನ್ನು ಸಾರಿಸುವವರು ನಾವು.

ಈ ಹುಚ್ಚು ಅವನೊಬ್ಬನದಲ್ಲ. ಊರಿನಲ್ಲಿ ಹವ್ಯಾಸಿ ರೇಡಿಯೋ ಮಂಡಳಿ ಎಂದು ಒಂದಿತ್ತು. ವಕೀಲ ಶಾಂತಾರಾಮರಾಯರು ಅದರ ಅಧ್ಯಕ್ಷರು, ಶಾಲೆಯ ವಿಜ್ಞಾನದ ಮಾಸ್ತರರು ಖಜಾಂಚಿ, ನಮ್ಮ ವಿಠೋಬ ಕಾರ್ಯದರ್ಶಿ. ಸದಸ್ಯರು ಯಾರೂ ಇರಲಿಲ್ಲ. ಮಾತಾಡುವ ಯಂತ್ರ ಇಡಲು ಸರಕಾರದ ಪರವಾನಗಿ ಬೇಕಿತ್ತು, ಅದು ಇವರಿಗೆ ಸಿಕ್ಕಿರಲಿಲ್ಲ. ಹಾಗಾಗಿ ಇವರು ಬರೀ ಕೇಳುವವರು. ದೂರದ ದೇಶದಲ್ಲಿ ಇವರಂಥವನೇ ಒಬ್ಬ ಕೋಣೆಯಲ್ಲಿ ಕೂತು ಟಕ್ಕುಟಕ್ಕು ಎಂದು ಕುಟ್ಟಿದ್ದನ್ನು ಇವರು ಕೇಳುವುದು, ಕೇಳಿತು ಎಂದು ಅವನಿಗೆ ಕಾಗದ ಬರೆಯುವುದು, ಅವನು ಸಂತೋಷಪಟ್ಟು ಒಂದು ಬಣ್ಣದ ಕಾರ್ಡು ಕಳಿಸುವುದು. ಇಷ್ಟೇ. ಆ ಮನುಷ್ಯ ಏನು ಹೇಳುತ್ತಿದ್ದ ಎಂದು ಒಮ್ಮೆ ಕೇಳಿದೆ. "ಅಲ್ಲಿ ಮಳೆ ಬತ್ತಾ ಅದೆಯಂತೆ ಅತ್ತಿಗೆ," ಎಂದ ವಿಠೋಬ, ಕಣ್ಣು ಅರಳಿಸಿ. ನಮ್ಮ ಅಂಗಳದಲ್ಲಿ ಒಣಹಾಕಿದ ಮೆಣಸು ಆಗ ಮಳೆಗೆ ನೆನೆಯುತ್ತಿತ್ತು. ಅವನು ಕಿಟಕಿಯ ಪಕ್ಕದಲ್ಲೇ ಕೂತಿದ್ದ.

ಮಂಡಳಿಗೆ ಒಂದು ಪತ್ರಿಕೆಯೂ ಇತ್ತು, 'ಗಗನವಾರ್ತೆ' ಎಂದು. ವಕೀಲರು ಹೇಳುವುದು, ವಿಠೋಬ ನೀಲಿ ಕಾರ್ಬನ್ ಕಾಗದ ಇಟ್ಟು ಬರೆಯುವುದು. ಯಾವ ಸ್ಟೇಶನ್ನು ಎಷ್ಟು ಮೀಟರಿನಲ್ಲಿ ಸಿಗುತ್ತದೆ, ಒಳ್ಳೆಯ ತಂತಿ ಎಲ್ಲಿ ಸಿಗುತ್ತದೆ, ಯಾವ ಬಸ್ಸಿನ ಗ್ಯಾರೇಜಿನಲ್ಲಿ ಬ್ಯಾಟರಿ ತುಂಬಿಸಿಕೊಡುತ್ತಾರೆ, ಯಾರಿಗೆ ಯಾವ ದೇಶದ ಕಾರ್ಡು ಬಂತು, ಇಂಥ ಸಮಾಚಾರಗಳು. ಕುಮಟೆಗೆ, ಹುಬ್ಬಳ್ಳಿಗೆ, ಇವರ ಹಾಗೆಯೇ ಕೆಲಸವಿಲ್ಲದ ಕೆಲವರಿಗೆ ಅದು ಅಂಚೆಯಲ್ಲಿ ಹೋಗುತ್ತಿತ್ತು. ತಿಂಗಳಿಗೊಂದು ಭಾನುವಾರ ನಮ್ಮ ಜಗುಲಿಯ ಮೇಲೆ ಮೂವರೂ ಸೇರಿ ಅದನ್ನು ಗಟ್ಟಿಯಾಗಿ ಓದಿ, ತಾವೇ ಬರೆದದ್ದಕ್ಕೆ ತಾವೇ ತಲೆದೂಗಿ, ಅವಲಕ್ಕಿ ತಿಂದು ಏಳುತ್ತಿದ್ದರು. ಅವಲಕ್ಕಿಗೆ ಕಾಯಿ ತುರಿಯುವುದು ನಾಗವೇಣಿಯ ಪಾಲಿನ ಹವ್ಯಾಸ.

ಸಂಜೆ ದೀಪ ಹಚ್ಚಿದ ಕೂಡಲೇ ವಿಠೋಬ ಕಿವಿಗೆ ಬಟ್ಟಲು ಕಟ್ಟಿಕೊಂಡು ಕೂರುವನು. ಆಗ ಮನೆಯಲ್ಲಿ ಸದ್ದಾಗಕೂಡದು. ಬಾವಿಯ ಗಾಲಿ ತಿರುಗಕೂಡದು. ಅರೆಯುವ ಕಲ್ಲು ಉರುಳಕೂಡದು. ಅದು ಬಂಗಡೆಯ ಕಾಲ. ಬೆಳಗಿನಿಂದ ಬೈತಖೋಲದ ಕಡೆಯಿಂದ ಬುಟ್ಟಿ ಬುಟ್ಟಿ ಬಂಗಡೆ ಬೀದಿಗೆ ಬರುತ್ತಿತ್ತು. ಒಂದು ಸಂಜೆ ನಾಗವೇಣಿ ಮೆಣಸು, ಕಾಯಿ ಹಾಕಿ ಸಾರಿಗೆ ಅರೆಯುತ್ತಿದ್ದಳು.

"ಶ್! ಸುಮ್ನಿರೇ. ಬಟಾವಿಯಾ ಬತ್ತಾ ಅದೆ," ಎಂದು ಕೋಣೆಯಿಂದ ಕೂಗಿದ.

"ಬಂದ್ರೆ ಕೂರ್ಸಿ, ಒಂದು ಬಂಗಡೆ ಹೆಚ್ಚಿಗೆ ಹಾಕ್ತೆ," ಎಂದಳು ನಾಗವೇಣಿ, ನನಗೆ ಮಾತ್ರ ಕೇಳುವ ಹಾಗೆ.

ಜಾವಾದ ಆ ಸ್ಟೇಶನ್ನು ಹೋಗುವವರೆಗೆ ಮಸಾಲೆ ಅರ್ಧ ಅರೆದು ನಿಂತಿತು. ಊಟಕ್ಕೆ ಕೂತಾಗ ಸಾರು ತರಿತರಿಯಾಗಿದೆ ಎಂದು ಮೊದಲು ಮುಖ ಸಿಂಡರಿಸಿದವನೂ ಅವನೇ.

ಯಂತ್ರದಿಂದ ಒಂದು ತಂತಿ ಮೇಲೆ ಹೋಗಿ ಎರಡು ತೆಂಗಿನ ಮರಗಳ ನಡುವೆ ನಿಂತಿತ್ತು. ಇನ್ನೊಂದು ತಂತಿ ನೆಲಕ್ಕೆ ಇಳಿಯಬೇಕು. ಅದಕ್ಕೆ ಇವರು ಅರ್ಥಿಂಗು ಎನ್ನುತ್ತಿದ್ದರು. ಅದು ಯಾವಾಗಲೂ ಒದ್ದೆ ಇರುವ ಮಣ್ಣಿನಲ್ಲಿ ಹೂತಿರಬೇಕಂತೆ, ತಂತಿ ಉದ್ದವಾಗಕೂಡದಂತೆ. ಬಾವಿ ಹಿತ್ತಿಲಲ್ಲಿ, ದೂರ. ಮಳೆ ಹೋದ ಮೇಲೆ ಅಂಗಳದ ಕೆಂಪು ಮಣ್ಣು ಕಲ್ಲಾಗುತ್ತದೆ. ಅಂಗಳದಲ್ಲಿ ವರ್ಷವಿಡೀ ಒದ್ದೆ ಇರುವ ಜಾಗ ಒಂದೇ, ತುಳಸಿಕಟ್ಟೆ. ದಿನಾ ಬೆಳಿಗ್ಗೆ ನಾವು ಹೆಂಗಸರು ನೀರು ಹಾಕುವ ಜಾಗ. ನವರಾತ್ರಿಗೆ ಕಟ್ಟೆಗೆ ಸುಣ್ಣ ಹೊಡೆಯುವ ನೆಪದಲ್ಲಿ ವಿಠೋಬ ಅದರ ಬದಿಯ ಕಲ್ಲು ಬಿಚ್ಚಿ, ತಳ ಒಡೆದ ಒಂದು ತಾಮ್ರದ ತಂಬಿಗೆಯನ್ನು ಮಣ್ಣಿನಲ್ಲಿ ಹೂತು, ಅದಕ್ಕೆ ತಂತಿ ಕಟ್ಟಿದ.

ಅತ್ತೆ ಇದಕ್ಕೆ ಹೇಗೆ ಒಪ್ಪಿದರು ಎಂದರೆ, ಅವನು ಅದಕ್ಕೂ ಒಂದು ದಾರಿ ಮಾಡಿದ್ದ. ಒಂದು ಸಂಜೆ ಬಟ್ಟಲುಗಳನ್ನು ಅವರ ಕಿವಿಗೆ ಹಿಡಿದ. ಮುಂಬಯಿಯಿಂದ ಯಾರೋ ಭಜನೆ ಹೇಳುತ್ತಿದ್ದರು. ಅತ್ತೆ ಪೆಟ್ಟಿಗೆಗೆ ಕೈ ಮುಗಿದರು.

"ತುಳಸಿಗೆ ತಂತಿ ಕಟ್ಟಿದ್ರೆ ಭಜನೆ ಇನ್ನೂ ಚೊಕ್ಕ ಕೇಳ್ತದೆ ಅವ್ವಾ."

"ಹೌದೇನ ಮಗಾ? ದೇವ್ರ ಹತ್ರ ಇದ್ರೆ ಕೇಳದೇ ಇರ್ತದ್ಯಾ," ಎಂದರು ಅವರು. ಕಲಿತ ಮಗ ದೇವರ ಹತ್ತಿರ ಬಂದನೆಂದು ಅವರಿಗೆ ಒಳಗೊಳಗೇ ಹಿಗ್ಗು. ಅದಾದ ಮೇಲೆ ಭಜನೆ ಅವರ ಕಿವಿಗೆ ಮತ್ತೆ ಬೀಳಲಿಲ್ಲ. ಆ ಹೊತ್ತಿಗೆ ಸರಿಯಾಗಿ ಜಾವಾವೋ ಇನ್ನೊಂದೋ ಬರುತ್ತಿತ್ತು.

ಅದೇ ದಿನಗಳಲ್ಲಿ ನಮ್ಮ ಅಡುಗೆಮನೆಯ ಉಪ್ಪು ಬೇಗ ಬೇಗ ಮುಗಿಯತೊಡಗಿತು. ಉಪ್ಪು ಇಡುವ ಮರದ ಮರಿಗೆಯನ್ನು ನಾನು ತುಂಬಿಸಿದ್ದರೆ ಎಷ್ಟು ದಿನ ಬರುತ್ತದೆಂದು ನನ್ನ ಕೈಗೆ ಗೊತ್ತು. ನಾಗವೇಣಿಯನ್ನು ಕೇಳಿದೆ.

"ಅವರೇ ತಕಂಡು ಹೋದ್ರು ಅಕ್ಕಾ. ಬ್ಯಾಟರಿಗೆ ಬೇಕಂತೆ."

ಬ್ಯಾಟರಿ ಉಪ್ಪು ತಿನ್ನುತ್ತದೋ ಬೆಲ್ಲ ತಿನ್ನುತ್ತದೋ ನನಗೇನು ಗೊತ್ತು. ಸುಮ್ಮನಾದೆ. ದಸರೆ ಕಳೆದು ಬೆಳಗಿನ ಗಾಳಿ ಗುಡ್ಡದ ಕಡೆಯಿಂದ ಬೀಸತೊಡಗಿತು; ತುಟಿ ಒಡೆಯುವ ಗಾಳಿ. ತುಳಸಿಯ ಎಲೆಗಳ ಅಂಚು ಕಂದಿತು. ಮೊದಲು ಗಾಳಿಯ ಪೆಟ್ಟು ಅಂದುಕೊಂಡೆವು. ನಾಗವೇಣಿ ಇನ್ನೊಂದು ತಂಬಿಗೆ ನೀರು ಹೆಚ್ಚು ಹಾಕಿದಳು. ಎಲೆ ಉದುರಿತು. ಕದಿರು ಕಪ್ಪಾಯಿತು. ದೀಪಾವಳಿ ಹತ್ತಿರ ಬರುವಾಗ ಕಟ್ಟೆಯಲ್ಲಿ ಉಳಿದದ್ದು ಪೊರಕೆಯ ಕಡ್ಡಿಯಂಥ ಗಿಡ. ದೀಪಾವಳಿಯಾದ ಮೇಲೆ ತುಳಸಿಯ ಮದುವೆ ಬರುತ್ತದೆ. ಮದುವೆಯ ಹೊತ್ತಿಗೆ ಮದುಮಗಳು ಒಣಗಿ ನಿಂತಿದ್ದಳು.

ತುಳಸಿ ಒಣಗಿದರೆ ನಮ್ಮ ಕಡೆ ಮೊದಲು ಕೇಳುವ ಪ್ರಶ್ನೆ ಒಂದೇ. ಅತ್ತೆ ನಾಗವೇಣಿಯನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿ ಅದನ್ನೇ ಕೇಳಿದರು.

"ಹೊರಗಿದ್ದಾಗ ಕಟ್ಟೆ ಮುಟ್ಟಿದ್ಯಾ?"

"ಇಲ್ಲ ಅತ್ತೆ. ಆ ದಿನ ಎಲ್ಲ ಅಕ್ಕನೇ ನೀರು ಹಾಕ್ದದ್ದು."

"ಅಕ್ಕ ಹಾಕ್ದದ್ದು ನನ್ಗೊತ್ತದೆ. ನೀ ಮುಟ್ಟಿದ್ಯಾ ಅಂತ ಕೇಳ್ದೆ."

"ಹತ್ರ ಸುಳೀಲಿಲ್ಲ ಅತ್ತೆ."

"ಹಾಂಗಾರೆ ಗಿಡ ಸುಮ್ನೆ ಒಣಗ್ತಾ? ಮಾವ ಇದ್ದಾಗಿಂದ ಇದ್ದ ಗಿಡ. ನಿನ್ನ ಹೊಟ್ಟೆಲೂ ಇಲ್ಲ, ಕಟ್ಟೆಲೂ ಇಲ್ಲ."

ನಾಗವೇಣಿ ಅಳಲಿಲ್ಲ. ಕೈಯಲ್ಲಿದ್ದ ಸೌಟನ್ನು ಗೋಡೆಗೆ ನೇತುಹಾಕಿ, ನೇತುಹಾಕಿದ್ದು ಸರಿಯಾಗಿದೆಯೇ ಎಂದು ಇನ್ನೊಮ್ಮೆ ನೋಡಿದಳು. ಕೋಣೆಯಲ್ಲಿ ವಿಠೋಬ ಕೂತಿದ್ದ. ಕಿವಿಯ ಬಟ್ಟಲು ಆ ಹೊತ್ತಿನಲ್ಲಿ ಅವನ ಕತ್ತಿನಲ್ಲಿತ್ತು, ಕಿವಿಯಲ್ಲಿರಲಿಲ್ಲ. ಅದನ್ನು ನಾನು ಕಣ್ಣಾರೆ ಕಂಡೆ.

ಅದೇ ದಿನ ಕಟ್ಟೆ ಗುಡಿಸಲು ಹೋದಾಗ ಬದಿಯ ಕಲ್ಲಿನ ಸಂದಿಯಲ್ಲಿ ಬಿಳಿಯ ಹುಡಿ ಕಂಡಿತು. ಸುಣ್ಣದಂತೆ ಮೆತ್ತಗಿರಲಿಲ್ಲ, ಹರಳು ಹರಳಾಗಿತ್ತು. ಮರಿಗೆಯ ಉಪ್ಪು ಎಲ್ಲಿಗೆ ಹೋಗಿದೆ ಎಂದು ಆಗ ತಿಳಿಯಿತು. ನೇರ ಕೋಣೆಗೆ ಹೋದೆ.

"ವಿಠೋಬ, ಕಟ್ಟೆಗೆ ಉಪ್ಪು ಹಾಕಿದ್ಯಾ?"

"ಅತ್ತಿಗೆ, ನಿಮ್ಗೆ ಹೇಳೂಕೆ ಹೋದ್ರೆ ತಿಳೀಲಿಕ್ಕಿಲ್ಲ. ಉಪ್ಪು, ಇದ್ದಿಲು ಹಾಕಿದ್ರೆ ಅರ್ಥಿಂಗು ಬಲ ಬತ್ತದೆ. ಎಲ್ಲಾ ದೇಶದಲ್ಲೂ ಹಾಂಗೇ ಮಾಡ್ತಾರೆ."

"ಆ ದೇಶದಲ್ಲೆಲ್ಲ ತುಳಸಿ ಬುಡಕ್ಕೆ ಹಾಕ್ತಾರೇನೋ? ಉಪ್ಪು ಹಾಕಿದ್ರೆ ಗಿಡ ಸಾಯ್ತದೆ ಅಂತ ನಿಂಗೊತ್ತಿಲ್ವಾ?"

ಅವನು ಮೇಜಿನ ಮೇಲಿದ್ದ ವಿಲಾಯತಿ ಮಾಸಿಕವನ್ನು ತಿರುವಿ ಹಾಕಿದ. "ಇದ್ರಲ್ಲಿ ಹಾಂಗೆ ಬರದ್ದು ನಾ ಕಾಣ್ಲಿಲ್ಲ," ಎಂದ.

ಅಂಕೋಲೆ ತಾಲೂಕಿನ ಅಜ್ಜಿಮನೆಯಲ್ಲಿ ಹುಟ್ಟಿದ ಗಂಡಸು. ಉಪ್ಪುನೀರು ನುಗ್ಗಿದ ಗದ್ದೆಯಲ್ಲಿ ಹುಲ್ಲೂ ಹುಟ್ಟುವುದಿಲ್ಲವೆಂದು ಅಲ್ಲಿ ಎಮ್ಮೆಗೂ ಗೊತ್ತು. ಇವನಿಗೆ ಅದು ಅಚ್ಚಿನಲ್ಲಿ ಬರಬೇಕಿತ್ತು. ಅಷ್ಟಾದರೂ ಅವನಿಗೆ ನಿಜವಾಗಿ ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ. ಗೊತ್ತಿತ್ತು. ಒಪ್ಪಿಕೊಂಡರೆ ತಂತಿ ತೆಗೆಯಬೇಕು, ತಂತಿ ತೆಗೆದರೆ ಕಾರ್ಡು ಬರುವುದಿಲ್ಲ. ಹೆಂಡತಿ ಹೋದರೆ ಕಾರ್ಡಿಗೆ ಏನೂ ತೊಂದರೆಯಿಲ್ಲ.

ನಾನು ಅತ್ತೆಗೆ ಹೇಳಿದೆ. "ನೀನು ಅವಳ ಪರ," ಎಂದರು. ಕಲ್ಲಿನ ಸಂದಿನದು ನವರಾತ್ರಿಯ ಸುಣ್ಣ ಎಂದರು. ಒಣಗಿದ ಗಿಡದ ಹತ್ತಿರ ಹೋಗಲಿಕ್ಕೂ ಅವರಿಗೆ ಮನಸ್ಸಿರಲಿಲ್ಲ. ನಾನು ಪಟ್ಟು ಹಿಡಿದ ಮೇಲೆ ಮಗನನ್ನು ಕರೆದು ಕೇಳಿದರು.

"ಗಿಡಕ್ಕೆ ನಾ ಎಂತದೂ ಹಾಕ್ಲಿಲ್ಲ ಅವ್ವಾ," ಎಂದ ವಿಠೋಬ. ಹಾಕಿದ್ದು ಅರ್ಥಿಂಗಿಗೆ, ಗಿಡಕ್ಕಲ್ಲ ಎಂದು ಮನಸ್ಸಿನಲ್ಲಿ ಲೆಕ್ಕ ಸರಿಮಾಡಿಕೊಂಡಿರಬೇಕು. ವಕೀಲರ ಸಹವಾಸ. ಅತ್ತೆ ನನ್ನ ಕಡೆ ತಿರುಗಿ, "ಕೇಳ್ದ್ಯಾ?" ಎಂದರು.

ರಾತ್ರಿ ಊಟಕ್ಕೆ ಕೂತಾಗ ನನ್ನ ಯಜಮಾನರಿಗೂ ಹೇಳಿದೆ. ಅವರು ಬಂಗಡೆಯ ಮುಳ್ಳು ಬಿಡಿಸುತ್ತ, "ಅವ್ವನಿಗೆ ಗೊತ್ತು," ಎಂದರು.

ದೀಪಾವಳಿಗೆ ಮೊದಲು ಬೊಮ್ಮಯ್ಯನವರಿಗೆ ಹೇಳಿ ಕಳಿಸಿದರು. ಅವರು ಬಂದು ಜಗುಲಿಯ ಅಂಚಿನಲ್ಲಿ ಕೂತರು, ಕೊಟ್ಟ ಬೆಲ್ಲ ನೀರು ಮುಟ್ಟಲಿಲ್ಲ. ಹಬ್ಬಕ್ಕೆ ಮಗಳನ್ನು ಕರೆದುಕೊಂಡು ಹೋಗಿ, ಮತ್ತೆ ನಾವು ಹೇಳಿ ಕಳಿಸಿದಾಗ ಕಳಿಸಿ ಎಂದು ಅತ್ತೆ ಹೇಳಿದರು. ಆ ಮಾತಿಗೆ ಏನರ್ಥ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಗಸೂರಿನ ಕಡೆ ಒಂದು ಹುಡುಗಿ ಇದೆಯೆಂದು ಅತ್ತೆಯ ಅಣ್ಣ ಆಗಲೇ ಬಂದು ಹೋಗಿದ್ದ. ಆ ಕಾಲದಲ್ಲಿ ಎರಡನೆಯದನ್ನು ಕಟ್ಟಿಕೊಂಡರೆ ಕೇಳುವವರಿರಲಿಲ್ಲ. ಮೊದಲನೆಯವಳು ತವರಿನ ಹಿತ್ತಿಲಲ್ಲಿ ಬೂದುಗುಂಬಳದ ಹಾಗೆ ಬಿದ್ದಿರಬೇಕು.

ನಾಗವೇಣಿ ಗಂಟು ಕಟ್ಟಿಕೊಂಡು ಕೋಣೆಯ ಬಾಗಿಲಿಗೆ ಹೋಗಿ ನಿಂತಳು.

"ಹೋಗ್ತೆ," ಎಂದಳು.

ಅವನು ಬೆರಳು ಎತ್ತಿದ, ಸ್ವಲ್ಪ ತಡಿ ಎಂಬ ಹಾಗೆ. ಕಿವಿಯಲ್ಲಿ ಏನೋ ಬರುತ್ತಿತ್ತು. ಅವಳು ತಡೆಯಲಿಲ್ಲ. ಅಪ್ಪನ ಹಿಂದೆ ಬಸ್ಸಿನ ಕಡೆ ನಡೆದಳು.

ದೀಪಾವಳಿ ನೀರಸವಾಗಿ ಕಳೆಯಿತು. ಮರುವಾರವೇ ಮಂಡಳಿಯ ಭಾನುವಾರ. ವಕೀಲ ಶಾಂತಾರಾಮರಾಯರು ಕೋಟು ಹಾಕಿ, ಬೆಳ್ಳಿ ಕಟ್ಟಿನ ಬೆತ್ತ ಹಿಡಿದು ಬಂದರು. ಮಾಸ್ತರರು ಅವರ ಹಿಂದೆ, ಯಾವಾಗಲೂ ಒಂದು ಹೆಜ್ಜೆ ಹಿಂದೆ. ಒಣಗಿದ ತುಳಸಿಯ ಪಕ್ಕದಲ್ಲೇ ನಡೆದು ಬಂದು ಜಗುಲಿ ಹತ್ತಿದರು. ಅದನ್ನು ಯಾರೂ ನೋಡಲಿಲ್ಲ. ನೋಡಿದ್ದು ತಂತಿಯನ್ನು. "ಭೇಷ್," ಎಂದರು ವಕೀಲರು.

ಕಾಯಿ ತುರಿಯುವ ಕೆಲಸ ಈಗ ನನ್ನದು. ಅವಲಕ್ಕಿಯ ತಾಟುಗಳನ್ನು ಅತ್ತೆ ಹಿಡಿದುಕೊಂಡು ಬಾಗಿಲ ಮರೆಯಲ್ಲಿ ನಿಂತಿದ್ದರು, ಓದು ಮುಗಿದ ಮೇಲೆ ಕೊಡೋಣವೆಂದು. ವಕೀಲರು ಕೋರ್ಟಿನ ಧ್ವನಿಯಲ್ಲಿ ಗಗನವಾರ್ತೆ ಓದುತ್ತಿದ್ದರು. ಯಾರಿಗೋ ಕಾರ್ಡು ಬಂದ ವಾರ್ತೆ ಆಯಿತು. ವಾಲ್ವಿನ ವಿಷಯ ಆಯಿತು. ಆಮೇಲೆ ಅವರು ಗಂಟಲು ಸರಿಮಾಡಿಕೊಂಡರು.

"ನಮ್ಮ ಕಾರವಾರದ ಕಾರ್ಯದರ್ಶಿಗಳ ಒಂದು ನೂತನ ಪ್ರಯೋಗ. ಸದಸ್ಯರೆಲ್ಲರೂ ಗಮನಿಸಬೇಕು. ತುಳಸಿಕಟ್ಟೆಯ ಮಣ್ಣಿನಲ್ಲಿ ತಾಮ್ರದ ಪಾತ್ರೆಯನ್ನು ಹೂತು, ವಾರಕ್ಕೊಮ್ಮೆ ಧಾರಾಳವಾಗಿ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ ಹಾಕುವುದರಿಂದ ಅತ್ಯುತ್ತಮ ಅರ್ಥಿಂಗು ದೊರೆಯುತ್ತದೆ. ಮನೆಯ ಸ್ತ್ರೀಯರು ನಿತ್ಯವೂ ನೀರು ಹಾಕುವುದರಿಂದ ತೇವ ಕಾಯುವ ತೊಂದರೆ ನಮಗಿಲ್ಲ. ಖರ್ಚಿಲ್ಲದ ಈ ಉಪಾಯವನ್ನು ಹಿಂದೂ ಗೃಹಸ್ಥರೆಲ್ಲರೂ ಅನುಸರಿಸಬಹುದು."

ಮಾಸ್ತರರು ಚಪ್ಪಾಳೆ ತಟ್ಟಿದರು. ವಿಠೋಬ ನಾಚಿಕೊಂಡು ನಕ್ಕ. ತಾನು ತಾಯಿಗೆ ಏನು ಹೇಳಿದ್ದೆ ಎಂಬುದು ಆ ಗಳಿಗೆಯಲ್ಲಿ ಅವನಿಗೆ ನೆನಪಿರಲಿಲ್ಲ. ಅವನ ಸುಳ್ಳಿಗಿಂತ ಹೊಗಳಿಕೆಯ ಆಸೆ ದೊಡ್ಡದಾಗಿತ್ತು.

ಅತ್ತೆ ತಾಟುಗಳನ್ನು ನನ್ನ ಕೈಗೆ ಕೊಟ್ಟರು. ಪರಗಂಡಸರು ಕೂತಲ್ಲಿಗೆ ಎಂದೂ ಬಾರದವರು ಜಗುಲಿ ದಾಟಿ ಅಂಗಳಕ್ಕೆ ಇಳಿದರು. ಕಟ್ಟೆಯ ಹತ್ತಿರ ಬಗ್ಗಿ, ಬುಡದ ಮಣ್ಣನ್ನು ಚಿಟಿಕೆಯಷ್ಟು ತೆಗೆದು ನಾಲಿಗೆಗೆ ಹಚ್ಚಿದರು. ಅವರ ತವರು ಹಾರವಾಡದ ಹತ್ತಿರ, ಗಜನಿ ಗದ್ದೆಯವರು. ಗಜನಿಗೆ ಬೇಸಿಗೆಯಲ್ಲಿ ಸಮುದ್ರದ ನೀರು ನುಗ್ಗುತ್ತದೆ. ಮಳೆ ಬಿದ್ದ ಮೇಲೆ ಉಪ್ಪು ತೊಳೆದು ಹೋಯಿತೇ ಎಂದು ಮಣ್ಣು ನೆಕ್ಕಿ ನೋಡಿಯೇ ಬೀಜ ಹಾಕುವುದು. ಮನೆಯ ಹಿರಿಯ ಹೆಂಗಸು ನೆಕ್ಕಿ ಹೂಂ ಅಂದರೆ ಬಿತ್ತನೆ. ಅತ್ತೆ ಹುಡುಗಿಯಾಗಿದ್ದಾಗ ಅದನ್ನು ಕಲಿತವರು. ಬಾಯಲ್ಲಿದ್ದದ್ದನ್ನು ಅವರು ಪಕ್ಕಕ್ಕೆ ಉಗಿದರು. ಅದು ತಂತಿಯ ಮೇಲೆ ಬಿತ್ತು. ಬೇಕೆಂದೇ ಉಗಿದರೋ ಇಲ್ಲವೋ, ನಾನು ಕೇಳಲಿಲ್ಲ.

"ಅಮ್ಮನವರೇ, ಅದರಲ್ಲಿ ದೋಷವೇನೂ ಇಲ್ಲ, ವಿಜ್ಞಾನ ಅದು," ಎಂದರು ವಕೀಲರು.

"ಅವಲಕ್ಕಿ ತಿನ್ನಿ ವಕೀಲ್ರೇ," ಎಂದರು ಅತ್ತೆ. "ಉಪ್ಪು ಸಪ್ಪೆ ಆಗಿರ್ಬಹುದು. ಮನೆ ಉಪ್ಪೆಲ್ಲ ತುಳಸಿ ತಿಂದಿದೆ."

ವಕೀಲರು ತಿಂದರು. ಸಪ್ಪೆಯೇನಿಲ್ಲ, ಚೆನ್ನಾಗಿದೆ ಎಂದೂ ಹೇಳಿದರು. ಈ ಮನೆಯಲ್ಲಿ ಈಗ ಏನಾಯಿತು ಎಂದು ಆ ಕೋಟಿನವರಿಗೂ ತಿಳಿಯಲಿಲ್ಲ, ಮಾಸ್ತರರಿಗೂ ತಿಳಿಯಲಿಲ್ಲ. ತಿಳಿದವನು ಒಬ್ಬನೇ, ಅವನು ತಾಟಿನಲ್ಲಿ ಅವಲಕ್ಕಿಯನ್ನು ಅತ್ತಿಂದಿತ್ತ ದೂಡುತ್ತಿದ್ದ. ಅವರು ಹೋದ ಮೇಲೆ ಅತ್ತೆ ಮಗನಿಗೆ ಬೈಯಲಿಲ್ಲ. ಮಲಗುವ ಮುಂಚೆ ನನ್ನನ್ನು ಕರೆದು, "ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗ್ವ, ನೀನೂ ಬಾ," ಎಂದರು.

ಹೆಣ್ಣು ಕೊಟ್ಟವರ ಮನೆಗೆ ಗಂಡಿನ ತಾಯಿ ತಾನಾಗಿ ಹೋಗುವುದು ನಮ್ಮಲ್ಲಿ ಇಲ್ಲ. ಮಗ ಹೋಗಬೇಕು. ಅವನು ಹೊರಟನೇ ಎಂದರೆ, ಕಚೇರಿಯಲ್ಲಿ ರಜೆ ಸಿಗುವುದಿಲ್ಲ ಎಂದ. ಬ್ಯಾಟರಿ ತುಂಬಿಸಲು ಹಿಂದಿನ ವಾರವೇ ರಜೆ ಹಾಕಿ ಗ್ಯಾರೇಜಿನಲ್ಲಿ ಕೂತಿದ್ದವನು. ಅತ್ತೆ ಅವನ ಮುಖ ನೋಡಿದರು, ಅಷ್ಟೇ. ಆ ನೋಟದಲ್ಲಿ ಅವರ ಕಣ್ಣಿನಿಂದ ಒಬ್ಬ ಮಗ ಕೆಳಗೆ ಇಳಿದದ್ದನ್ನು ನಾನು ಕಂಡೆ.

ಅವರ್ಸೆಯಲ್ಲಿ ಬಸ್ಸು ಇಳಿದು ಗದ್ದೆಯ ಬದುವಿನ ಮೇಲೆ ನಡೆದೆವು. ಕೊಯ್ಲು ಆಗುತ್ತಿತ್ತು. ನಾಗವೇಣಿ ಕಚ್ಚೆ ಕಟ್ಟಿ ಹೊರೆ ಹೊರುತ್ತಿದ್ದಳು. ನಮ್ಮನ್ನು ಕಂಡರೂ ಹೊರೆಯನ್ನು ಕಣಕ್ಕೆ ಮುಟ್ಟಿಸಿಯೇ ಬಂದಳು. ಅಂಗಳದಲ್ಲಿ ಚಾಪೆ ಹಾಸಿದರು. ಅವರ ಅಂಗಳದ ಕಟ್ಟೆಯಲ್ಲಿ ತುಳಸಿ ಆಳೆತ್ತರ ಬೆಳೆದು, ಸುತ್ತಲೂ ಸಸಿಗಳು ಎದ್ದಿದ್ದವು. ಅತ್ತೆ ಬಹಳ ಹೊತ್ತು ಅದನ್ನೇ ನೋಡುತ್ತ ಕೂತರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಹೊರಡುವಂಥದ್ದಲ್ಲ. ಕೊನೆಗೆ ನಾಗವೇಣಿಯ ತಾಯಿಯ ಕಡೆ ತಿರುಗಿದರು.

"ತುಳಸಿ ಮದ್ವೆ ಬಂತು. ನಮ್ಮ ಕಟ್ಟೆಗೆ ನಿಮ್ಮನೆ ಸಸಿ ಒಂದು ಬೇಕಾಗಿತ್ತು."

ಆ ತಾಯಿಗೆ ಅರ್ಥವಾಯಿತು. ಒಣಗಿಸಿದವಳು ಎಂದು ಹೊರಗೆ ಹಾಕಿದವಳ ತವರಿನ ಗಿಡವನ್ನು ಯಾರೂ ಕೇಳಿ ತರುವುದಿಲ್ಲ. ಆದರೂ ಅಷ್ಟು ಸುಲಭಕ್ಕೆ ಬಿಡಲಿಲ್ಲ.

"ಸಸಿ ತಕಂಡು ಹೋಗಿ ಅಕ್ಕಾ. ನಮ್ಮ ಮಣ್ಣಿನದು ಒಣಗೂದಿಲ್ಲ. ಒಣಗ್ಸೂಕೆ ಯಾರಾದ್ರೂ ಬೇಕು."

"ಒಣಗ್ಸದ್ದು ನಮ್ಮನೆಯವನೇ," ಎಂದರು ಅತ್ತೆ. "ಉಪ್ಪು ಹಾಕಿದ್ದ. ನಾ ಬಾಯಿಗೆ ಹಾಕಿ ನೋಡ್ದೆ."

ಬೊಮ್ಮಯ್ಯನವರು ಕಣದಿಂದ ಬಂದು ಕಂಬಕ್ಕೆ ಒರಗಿ ನಿಂತಿದ್ದರು. ಅವರು ಜೋರಾಗಿ ಮಾತಾಡುವವರಲ್ಲ.

"ನಾವು ಉಪ್ಪು ಎತ್ತಿದ್ದಕ್ಕೆ ನಮ್ಮನ್ನ ಒಳಗೆ ಹಾಕಿದ್ರು," ಎಂದರು. "ನಿಮ್ಮ ಮಗ ಉಪ್ಪು ಸುರಿದದ್ದಕ್ಕೆ ನನ್ನ ಮಗಳ್ನ ಹೊರಗೆ ಹಾಕಿದ್ರಿ."

ಅತ್ತೆ ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಬೊಮ್ಮಯ್ಯನವರು, "ಕರ್ಕಂಡು ಹೋಗೂದು ಬಿಡೂದು ನನ್ನ ಕೇಳ್ಬೇಡಿ. ಅವಳ್ನ ಕೇಳಿ," ಎಂದು ಕಣಕ್ಕೆ ಹೋದರು.

ಅತ್ತೆ ಕೇಳಲಿಲ್ಲ. ನಾಗವೇಣಿ ಕೂದಲಿನಲ್ಲಿ ಸಿಕ್ಕಿದ ಹುಲ್ಲನ್ನು ತೆಗೆಯುತ್ತ ತಾನೇ ಮಾತಾಡಿದಳು.

"ಬತ್ತೆ ಅತ್ತೆ. ಸಸಿ ನಾನೇ ನೆಡ್ತೆ. ಹಳೇ ಮಣ್ಣು ತಳದ ತನಕ ತೆಗೀಬೇಕು, ಅದನ್ನೂ ಮಾಡ್ತೆ. ನೀರು ಹಾಕೂದು ಮಾತ್ರ ನಂದಲ್ಲ."

"ಮತ್ತೆ ಯಾರದು?"

"ಉಪ್ಪು ಹಾಕ್ದವ್ರದು. ನಾಳೆ ಮತ್ತೆ ಒಣಗಿದ್ರೆ ಯಾರ ಕೈ ಅಂತ ಇವತ್ತೇ ಗೊತ್ತಿರಲಿ."

ನಮ್ಮ ಮನೆಯಲ್ಲಿ ಗಂಡಸರು ತುಳಸಿಗೆ ನೀರು ಹಾಕಿದ್ದು ಮಾವನ ಕಾಲದಲ್ಲೂ ಇಲ್ಲ. ಅತ್ತೆ ಚಾಪೆಯ ಅಂಚನ್ನು ಬೆರಳಿನಿಂದ ಎಳೆದು ನೆಟ್ಟಗೆ ಮಾಡಿದರು, ಮತ್ತೆ ಮಡಚಿದರು.

"ಹಾಕ್ತಾನೆ," ಎಂದರು.

ತುಳಸಿಯ ಮದುವೆಯ ಮುಂಚಿನ ದಿನ ನಾಗವೇಣಿ ಕಟ್ಟೆಯ ಮಣ್ಣನ್ನು ಅಗೆದು ಅಗೆದು ಬುಟ್ಟಿಯಲ್ಲಿ ಹೊರಗೆ ಸುರಿದಳು. ಹಸಿರು ಕಿಲುಬು ಹಿಡಿದ ತಂಬಿಗೆ ಮೇಲೆ ಬಂತು. ಅದನ್ನು ಅವಳು ಕೋಣೆಯ ಹೊಸ್ತಿಲ ಮೇಲೆ ಇಟ್ಟಳು. ಬಾವಿಕಟ್ಟೆಯ ಹತ್ತಿರದ ಮಣ್ಣು ತುಂಬಿ ಅವರ್ಸೆಯ ಸಸಿ ನೆಟ್ಟಳು. ಮರುದಿನ ಕಬ್ಬು, ನೆಲ್ಲಿಯ ಕೊಂಬೆ ಕಟ್ಟಿ ಮದುವೆ ಮಾಡಿದೆವು. ನೆರೆಯ ಹೆಂಗಸರೆಲ್ಲ ಬಂದಿದ್ದರು. ಯಾರ ಎದುರು ಸೊಸೆ ಗಿಡ ಕೊಂದಳು ಎಂದು ಹೇಳಿದ್ದರೋ ಅವರೆಲ್ಲರ ಎದುರು ಅತ್ತೆ, "ಸೊಸೆಯ ಕೈಯಿನ ಗಿಡ," ಎಂದರು. ಅಷ್ಟು ಹೇಳಿದ್ದು ಅವರಿಗೆ ಹೆಚ್ಚು. ವಿಠೋಬ ಮಾತ್ರ ಒಳಗಿದ್ದ, ತಲೆನೋವೆಂದು.

ಅವನ ತಂತಿ ಹಿತ್ತಿಲಿನ ಬಾವಿಯ ಕಡೆಗೆ ಹೋಯಿತು. ಉದ್ದವಾದ್ದರಿಂದ ಬರೀ ಗೊರಗೊರ ಬರುತ್ತದೆ ಎಂದು ಗೊಣಗುತ್ತಿದ್ದ. ಮುಂದಿನ ಗಗನವಾರ್ತೆಯಲ್ಲಿ, ಕಾರವಾರದ ಪ್ರಯೋಗವು ಗೃಹಕೃತ್ಯದ ಕಾರಣಗಳಿಂದ ನಿಂತಿದೆ ಎಂದು ವಕೀಲರು ಬರೆಸಿದರಂತೆ. ಗಿಡದ ಹೆಸರು ಅದರಲ್ಲಿರಲಿಲ್ಲ, ನಾಗವೇಣಿಯ ಹೆಸರಂತೂ ಇರುವ ಮಾತೇ ಇಲ್ಲ. ಅವನು ಅವಳಿಗೆ ತಪ್ಪಾಯಿತೆಂದು ಹೇಳಿದ್ದನ್ನೂ ನಾನು ಕೇಳಲಿಲ್ಲ. ಒಂದೇ ಮನೆಯಲ್ಲಿ ಇದ್ದವಳು ನಾನು. ಹೇಳಿದ್ದರೆ ನನ್ನ ಕಿವಿಗೆ ಬೀಳುತ್ತಿತ್ತು.

ನೀರು ಮಾತ್ರ ಹಾಕಿದ. ಬೆಳಗ್ಗೆ ಬೀದಿಯಲ್ಲಿ ಜನ ಓಡಾಡುವ ಮುಂಚೆ ಹಾಕಿ ಮುಗಿಸಲು ನೋಡುತ್ತಿದ್ದ. ನಾಗವೇಣಿ ಬೆಳಕು ಹರಿಯುವ ತನಕ ತಂಬಿಗೆಯನ್ನೇ ಕೊಡುತ್ತಿರಲಿಲ್ಲ. ಒಂದು ಬೆಳಿಗ್ಗೆ ವಕೀಲರೂ ಮಾಸ್ತರರೂ ಸಮುದ್ರದ ಗಾಳಿಗೆ ಹೋಗಿ ಹಿಂತಿರುಗುತ್ತಿದ್ದವರು ನಮ್ಮ ಬೇಲಿಯ ಹತ್ತಿರ ನಿಂತರು.

"ಏನು ವಿಠೋಬರಾವ್, ಹೊಸ ಪ್ರಯೋಗವೋ?" ಎಂದು ವಕೀಲರು ಬೆತ್ತ ಎತ್ತಿದರು.

ಅವನು ತಂಬಿಗೆಯನ್ನು ಬೆನ್ನ ಹಿಂದೆ ಮಾಡಿದ. ನಾಗವೇಣಿ ಜಗುಲಿಯ ಮೆಟ್ಟಿಲ ಮೇಲೆ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಕಲ್ಲು ಒಂದನ್ನು ಹೆಕ್ಕಿ ಅಂಗಳಕ್ಕೆ ಎಸೆದಳು, ತಲೆ ಎತ್ತಲಿಲ್ಲ.

"ಇನ್ನೂ ಅರ್ಧ ತಂಬಿಗೆ ಅದೆ," ಎಂದಳು.

ಅವನು ಹಾಕಿದ.